ಕಲಬುರಗಿ ಬಿಸಿಲು, ಕೈಯಲ್ಲೊಂದು ಕನ್ಸೋಲ್: 15 ವ್ಯಾಟ್‌ನ ಲೆಕ್ಕ

2025ರ ಬೇಸಿಗೆ. ಏಪ್ರಿಲ್ ಮುಗಿಯುತ್ತಾ ಬಂದಿತ್ತು. ಮಧ್ಯಾಹ್ನ ಎರಡೂವರೆ. ಅಕ್ಕನ ಮಗ ಕೌದಿ ಹಾಸಿಕೊಂಡು ಬೋರಲು ಮಲಗಿ, ಸ್ಟೀಮ್ ಡೆಕ್ ಅನ್ನುವ ಕೈ ಕನ್ಸೋಲ್‌ನಲ್ಲಿ ಬಾಲ್ಡರ್ಸ್ ಗೇಟ್ 3 ಅನ್ನುವ ಗೇಮ್ ಆಡುತ್ತಿದ್ದ. ಡಿಗ್ರಿ ಮೊದಲ ವರ್ಷದ ಹುಡುಗ. ಸ್ವಲ್ಪ ಹೊತ್ತಿಗೆ ಮುಖ ಸಣ್ಣದು ಮಾಡಿಕೊಂಡು ನನ್ನ ಹತ್ತಿರ ಬಂದ.

"ಮಾಮಾ, ಯೂಟ್ಯೂಬ್‌ನಾಗ ಇದೇ ಗೇಮ್ ಎಷ್ಟ್ ಛಲೋ ಓಡ್ತದ ನೋಡು. ನಮ್ದರಾಗ ಯಾಕ ನಡುನಡುವ ನಿಂದರ್ತದ? ಕೆಟ್ಟದೇನು?"

ಕೈಗೆ ತಗೊಂಡು ನೋಡಿದೆ. ಮೇಲಿನ ಅಂಚಿನಿಂದ ಬರುವ ಗಾಳಿ ಕಾದ ಹಂಚಿನ ಮೇಲೆ ಕೈ ಹಿಡಿದಂತಿತ್ತು. ಒಳಗಿನ ಫ್ಯಾನ್ ಕೊಯ್ಯೋ ಅನ್ನುತ್ತಿತ್ತು. ಡೆಕ್‌ನಲ್ಲಿ ಗಾಳಿ ಒಳಗೆ ಹೋಗುವುದು ಹಿಂಭಾಗದ ಜಾಲರಿಯಿಂದ, ಬಿಸಿಗಾಳಿ ಹೊರಗೆ ಬರುವುದು ಮೇಲಿನಿಂದ. ಆ ಹಿಂಭಾಗ ಇಷ್ಟು ಹೊತ್ತು ಕೌದಿಯಲ್ಲಿ ಹೂತು ಹೋಗಿತ್ತು. ಅವ್ವನ ಹಳೇ ಸೀರೆಗಳನ್ನು ಪದರ ಪದರ ಇಟ್ಟು ಹೊಲಿದ ದಪ್ಪ ಕೌದಿ ಅದು. ಅದರೊಳಗೆ ಗಾಳಿ ಎಲ್ಲಿಂದ ಬರಬೇಕು?

ಡೆಕ್ ಕೆಟ್ಟಿರಲಿಲ್ಲ. ಆದರೆ ಕೌದಿಯೊಂದೇ ಕಾರಣವೂ ಅಲ್ಲ. ಅವನ ಪ್ರಶ್ನೆಗೆ ಸರಿಯಾದ ಉತ್ತರ ಕೊಡಬೇಕೆಂದರೆ ಕೈಯಲ್ಲಿ ಹಿಡಿದು ಆಡುವ ಕನ್ಸೋಲ್ ಹೇಗೆ ಬದುಕುತ್ತದೆ ಅನ್ನುವುದನ್ನು ಮೊದಲಿನಿಂದ ಹೇಳಬೇಕು. ಅವನ ಗೆಳೆಯರು ಸಂಜೆ ನಮ್ಮ ಮಾಳಿಗೆಯ ಮೇಲೆ ಸೇರುತ್ತಾರೆ. ಹೊಸ ಗೇಮ್ ಬಂದರೆ ಸಾಕು, ಸೆಕೆಂಡಿಗೆ ಎಷ್ಟು ಚಿತ್ರ ಬರುತ್ತದೆ ಅಂತ ಮಾತು ಜಗಳಕ್ಕೆ ಬರುತ್ತದೆ. ಒಬ್ಬ "ನಂಗ 60 ಬರ್ತದ" ಅಂತಾನೆ. ಇನ್ನೊಬ್ಬ "ಸುಳ್ಳು, 30 ಬರೋದೇ ಕಷ್ಟ" ಅಂತಾನೆ. ನಾನು ಕೇಳುತ್ತಾ ಕೂತಿರುತ್ತೇನೆ. ಇಬ್ಬರೂ ಸುಳ್ಳು ಹೇಳುತ್ತಿರುವುದಿಲ್ಲ. ಇಬ್ಬರೂ ಅರ್ಧ ಮಾತ್ರ ಹೇಳುತ್ತಿರುತ್ತಾರೆ.

ಎಲ್ಲದರ ಬುಡದಲ್ಲಿ ವ್ಯಾಟ್

ಕೈ ಕನ್ಸೋಲ್‌ಗೆ ಇರುವುದು ಒಂದೇ ಬಡತನ, ಕರೆಂಟಿನದು. ಟಿವಿ ಕೆಳಗೆ ಇಡುವ ಪ್ಲೇಸ್ಟೇಷನ್ 5 ದೊಡ್ಡ ಗೇಮ್ ಓಡಿಸುವಾಗ ಸುಮಾರು 200 ವ್ಯಾಟ್ ಎಳೆಯುತ್ತದೆ. ಗೋಡೆಯ ಪ್ಲಗ್‌ನಿಂದ ಬರುವ ಕರೆಂಟ್, ಅದಕ್ಕೆ ಚಿಂತೆ ಇಲ್ಲ. ಕಂಪ್ಯೂಟರಿಗೆ ಹಾಕುವ ಆರ್‌ಟಿಎಕ್ಸ್ 4090 ಗ್ರಾಫಿಕ್ಸ್ ಕಾರ್ಡ್ ಒಂದೇ 450 ವ್ಯಾಟ್ ತನಕ ಕುಡಿಯಬಲ್ಲದು. ಸ್ಟೀಮ್ ಡೆಕ್‌ನ ಮುಖ್ಯ ಚಿಪ್‌ಗೆ ಸಿಗುವುದು ಹೆಚ್ಚೆಂದರೆ 15 ವ್ಯಾಟ್. ನಮ್ಮ ಪಡಸಾಲೆಯಲ್ಲಿ ಉರಿಯುವ ಎರಡು 9 ವ್ಯಾಟ್ ಎಲ್‌ಇಡಿ ಬಲ್ಬ್‌ಗಿಂತ ಕಡಿಮೆ. ಲೆಕ್ಕ ಹಾಕುವ ಸಿಪಿಯು, ಚಿತ್ರ ಬಿಡಿಸುವ ಜಿಪಿಯು ಎರಡೂ ಆ 15ರಲ್ಲೇ ಹಂಚಿಕೊಂಡು ತಿನ್ನಬೇಕು.

ಸ್ಕ್ರೀನ್, ಮೆಮೊರಿ, ವೈಫೈ, ಫ್ಯಾನ್ ಎಲ್ಲ ಸೇರಿದರೆ ಇಡೀ ಡೆಕ್ 20ರಿಂದ 25 ವ್ಯಾಟ್ ತಗೊಳ್ಳುತ್ತದೆ. ಕರೆಂಟ್ ಉಳಿಸುವ ಈಗಿನ ಬಿಎಲ್‌ಡಿಸಿ ಸೀಲಿಂಗ್ ಫ್ಯಾನ್ ಜೋರಾಗಿ ತಿರುಗಿದರೆ 28–30 ವ್ಯಾಟ್ ಬೇಕು. ಅಂದರೆ ತಲೆ ಮೇಲೆ ತಿರುಗುವ ಫ್ಯಾನ್‌ಗಿಂತ ಕಡಿಮೆ ಕರೆಂಟ್‌ನಲ್ಲಿ ಈ ಪುಟ್ಟ ಯಂತ್ರ ಒಂದು ಇಡೀ ಊರು, ಅದರ ಜನ, ಮಳೆ, ಬೆಂಕಿ ಎಲ್ಲ ತೋರಿಸುತ್ತದೆ. ಎಷ್ಟು ಸಲ ಯೋಚಿಸಿದರೂ ನನಗೆ ಇದು ಆಶ್ಚರ್ಯವೇ.

ಬ್ಯಾಟರಿಯ ಲೆಕ್ಕ ಇನ್ನೂ ಸುಲಭ. ಬ್ಯಾಟರಿಯಲ್ಲಿ ಎಷ್ಟು ತುಂಬಿದೆ ಅನ್ನುವುದನ್ನು ವ್ಯಾಟ್-ಅವರ್‌ನಲ್ಲಿ ಹೇಳುತ್ತಾರೆ. 2022ರ ಫೆಬ್ರವರಿಯಲ್ಲಿ ಬಂದ ಎಲ್‌ಸಿಡಿ ಸ್ಕ್ರೀನಿನ ಡೆಕ್‌ನಲ್ಲಿ 40 ವ್ಯಾಟ್-ಅವರ್. 2023ರ ನವೆಂಬರ್‌ನಲ್ಲಿ ಬಂದ ಓಎಲ್‌ಇಡಿ ಸ್ಕ್ರೀನಿನ ಡೆಕ್‌ನಲ್ಲಿ 50. ಇದನ್ನು ವ್ಯಾಟ್‌ನಿಂದ ಭಾಗಿಸಿದರೆ ಎಷ್ಟು ತಾಸು ಅನ್ನುವುದು ಬಂತು. 40ನ್ನು 24ರಿಂದ ಭಾಗಿಸಿ: ಒಂದು ತಾಸು 40 ನಿಮಿಷ. ಕಲಬುರಗಿಯಲ್ಲಿ ಬೀದರ್ ಬಸ್ ಹತ್ತಿ ದೊಡ್ಡ ಗೇಮ್ ಶುರು ಮಾಡಿದರೆ, ಹುಮನಾಬಾದ್ ದಾಟುವ ಹೊತ್ತಿಗೆ ಸ್ಕ್ರೀನ್ ಕಪ್ಪಾಗಿರುತ್ತದೆ. ಅದೇ 10 ವ್ಯಾಟ್‌ನಲ್ಲಿ ಓಡುವ ಸಣ್ಣ ಗೇಮ್ ಆದರೆ ನಾಲ್ಕು ತಾಸು. ಬೀದರ್ ಮುಟ್ಟಿ, ಚಹಾ ಕುಡಿದು, ಇನ್ನೂ ಆಡಬಹುದು.

ಹಾಗಾದರೆ ವ್ಯಾಟ್ ಜಾಸ್ತಿ ಕೊಟ್ಟರೆ ಅಷ್ಟೇ ಜಾಸ್ತಿ ವೇಗ ಸಿಗುತ್ತದಾ? ಇಲ್ಲ. ಎಲ್ಲರೂ ಎಡವುವುದು ಇಲ್ಲೇ. ಚಿಪ್‌ನ ವೇಗ ಏರಿಸಬೇಕೆಂದರೆ ಅದಕ್ಕೆ ಕೊಡುವ ವೋಲ್ಟೇಜನ್ನೂ ಏರಿಸಬೇಕು. ಖರ್ಚಾಗುವ ಕರೆಂಟ್ ವೇಗದ ಜೊತೆ ಏರುತ್ತದೆ, ವೋಲ್ಟೇಜ್‌ನ ವರ್ಗದ ಜೊತೆಗೂ ಏರುತ್ತದೆ. ಎದುರು ಗಾಳಿಗೆ ಸೈಕಲ್ ತುಳಿದವರಿಗೆ ಇದು ಗೊತ್ತು. ನಿಧಾನಕ್ಕೆ ಹೋಗುವಾಗ ಆರಾಮ. ಇನ್ನೊಂಚೂರು ಜೋರು ಹೋಗೋಣ ಅಂದರೆ ಎದೆ ಏದುಸಿರು ಬಿಡುತ್ತದೆ, ವೇಗ ಮಾತ್ರ ಸ್ವಲ್ಪವೇ ಏರುತ್ತದೆ. ಚಿಪ್ ಕೂಡ ಹಾಗೇ. ಕೊನೆಯ ನಾಲ್ಕೈದು ವ್ಯಾಟ್ ತುಂಬಾ ದುಬಾರಿ, ಅದರಿಂದ ಸಿಗುವುದು ಬಹಳ ಕಡಿಮೆ. ಈ ಮಾತನ್ನು ನೆನಪಿಟ್ಟುಕೊಳ್ಳಿ. ಬಿಸಿಲಿನ ವಿಷಯಕ್ಕೆ ಬಂದಾಗ ಇದೇ ನಮ್ಮನ್ನು ಕಾಯುತ್ತದೆ.

ಈ ಬಡತನ ಹೊಸದೇನೂ ಅಲ್ಲ. 1989ರಲ್ಲಿ ಗೇಮ್ ಬಾಯ್ ಬಂತು. ಬಣ್ಣ ಇಲ್ಲ, ಸ್ಕ್ರೀನ್‌ಗೆ ಒಳಗಿನಿಂದ ಬೆಳಕಿಲ್ಲ, ನಾಲ್ಕೇ ನಾಲ್ಕು ಛಾಯೆ. ನಾಲ್ಕು ಪೆನ್ಸಿಲ್ ಸೆಲ್ ಹಾಕಿದರೆ ಹತ್ತಾರು ತಾಸು ಓಡುತ್ತಿತ್ತು. ಮರುವರ್ಷ ಸೆಗಾ ಕಂಪನಿಯ ಗೇಮ್ ಗೇರ್ ಬಂತು. ಬಣ್ಣದ ಸ್ಕ್ರೀನ್, ಒಳಗೆ ಬೆಳಕು, ಆದರೆ ಆರು ಸೆಲ್ ತಿಂದು ಮೂರರಿಂದ ಐದು ತಾಸಿಗೆ ಸುಸ್ತು. ಗೆದ್ದದ್ದು ಗೇಮ್ ಬಾಯ್. ಅದನ್ನು ಮಾಡಿದ ಗುನ್ಪೇ ಯೊಕೊಯಿ ಅವರ ನಂಬಿಕೆಯೇ ಅದಾಗಿತ್ತು: ಹಳೆಯದಾಗಿ ಪಳಗಿದ, ಅಗ್ಗದ ತಂತ್ರವನ್ನು ಹೊಸ ರೀತಿಯಲ್ಲಿ ಬಳಸಬೇಕು. ನಮ್ಮ ಕಡೆ ಗೇಮ್ ಬಾಯ್ ನೋಡಿದವರು ಕಡಿಮೆ. ಆದರೆ ಶರಣಬಸವೇಶ್ವರ ಜಾತ್ರೆಯಲ್ಲಿ ಇಟ್ಟಂಗಿ ಬೀಳುವ ಬ್ರಿಕ್ ಗೇಮ್ ಕೊಂಡವರು ಬೇಕಾದಷ್ಟು ಜನ ಇದ್ದಾರೆ. ನಾನೂ ಕೊಂಡಿದ್ದೆ. ಎರಡು ಸೆಲ್ ಹಾಕಿದರೆ ಎಷ್ಟೋ ದಿನ ಮುಗಿಯುತ್ತಲೇ ಇರಲಿಲ್ಲ. ಬೆಳಕಿಲ್ಲದ ಸ್ಕ್ರೀನ್ ಎಷ್ಟು ಕರೆಂಟ್ ಉಳಿಸುತ್ತದೆ ಅನ್ನುವುದು ಆಗ ಗೊತ್ತಿರಲಿಲ್ಲ.

2004ರಲ್ಲಿ ಬಂದ ಸೋನಿ ಪಿಎಸ್‌ಪಿ ಚಿಪ್ 333 ಮೆಗಾಹರ್ಟ್ಸ್ ವೇಗದಲ್ಲಿ ಓಡಬಲ್ಲದಾಗಿತ್ತು. ಆದರೆ ಬ್ಯಾಟರಿ ಉಳಿಯಲಿ ಅಂತ ಸೋನಿ ಅದನ್ನು 222ಕ್ಕೆ ಕಟ್ಟಿ ಹಾಕಿತ್ತು. ಪೂರ್ತಿ ವೇಗ ಬಿಟ್ಟುಕೊಟ್ಟದ್ದು 2007ರಲ್ಲಿ. 2017ರ ನಿಂಟೆಂಡೊ ಸ್ವಿಚ್ ಕತೆಯೂ ಅದೇ. ಟಿವಿಗೆ ಜೋಡಿಸಿದಾಗ ಅದರ ಜಿಪಿಯು 768 ಮೆಗಾಹರ್ಟ್ಸ್. ಕೈಗೆ ತಗೊಂಡ ಕೂಡಲೇ ಗೇಮ್ ನೋಡಿಕೊಂಡು 307ರಿಂದ 460ಕ್ಕೆ ಇಳಿಯುತ್ತದೆ. ಅದೇ ಯಂತ್ರ, ಅದೇ ಚಿಪ್. ಬದಲಾದದ್ದು ಪ್ಲಗ್ ಮಾತ್ರ.

60, 30, ಮತ್ತು ನಡುವಿನ 40

ಈಗ ಹುಡುಗರ ಜಗಳದ ಅಂಕಿಗೆ ಬರೋಣ. ಗೇಮ್ ಅಂದರೆ ಒಂದರ ಹಿಂದೆ ಒಂದು ಬರುವ ಚಿತ್ರಗಳು. ಒಂದು ಚಿತ್ರಕ್ಕೆ ಒಂದು ಫ್ರೇಮ್ ಅಂತಾರೆ. ಸೆಕೆಂಡಿಗೆ 60 ಫ್ರೇಮ್ ಬೇಕೆಂದರೆ ಒಂದು ಚಿತ್ರ 16.7 ಮಿಲಿಸೆಕೆಂಡಿನಲ್ಲಿ ತಯಾರಾಗಬೇಕು. 30 ಸಾಕು ಅಂದರೆ 33.3 ಮಿಲಿಸೆಕೆಂಡ್ ಸಿಗುತ್ತದೆ.

ಇಲ್ಲಿ ಸ್ಕ್ರೀನ್‌ಗೂ ಅದರದೇ ತಾಳ ಇದೆ. 60 ಹರ್ಟ್ಸ್ ಸ್ಕ್ರೀನ್ ಅಂದರೆ 16.7 ಮಿಲಿಸೆಕೆಂಡಿಗೆ ಒಂದು ಬಸ್ ಬಿಡುವ ಬಸ್ ಸ್ಟ್ಯಾಂಡ್ ಅಂದುಕೊಳ್ಳಿ. ಬಸ್ ಯಾರಿಗೂ ಕಾಯುವುದಿಲ್ಲ. ಚಿತ್ರ 16ಕ್ಕೆ ತಯಾರಾದರೆ ಹತ್ತಿಕೊಂಡಿತು. 18ಕ್ಕೆ ತಯಾರಾದರೆ ಬಸ್ ಹೋಗಿಬಿಟ್ಟಿರುತ್ತದೆ, ಮುಂದಿನ ಬಸ್ 33.3ಕ್ಕೆ. 1.3 ಮಿಲಿಸೆಕೆಂಡ್ ತಡವಾದದ್ದಕ್ಕೆ ಇಡೀ ಒಂದು ಬಸ್ ಕಾಯಬೇಕು. ಅಷ್ಟು ಹೊತ್ತು ಹಳೇ ಚಿತ್ರವೇ ಕಣ್ಣ ಮುಂದೆ ನಿಂತಿರುತ್ತದೆ. ನನ್ನ ಅಕ್ಕನ ಮಗ "ನಿಂದರ್ತದ" ಅಂದದ್ದು ಇದನ್ನೇ.

ಹಾಗಾಗಿ ಸರಾಸರಿ ಎಷ್ಟು ಅನ್ನುವುದಕ್ಕಿಂತ ಒಂದೇ ಸಮ ಬರುತ್ತದಾ ಅನ್ನುವುದು ಮುಖ್ಯ. 35ಕ್ಕೂ 55ಕ್ಕೂ ನಡುವೆ ಓಲಾಡುವ ಗೇಮ್‌ಗಿಂತ 30ಕ್ಕೆ ಗಟ್ಟಿಯಾಗಿ ನಿಂತ ಗೇಮ್ ಕಣ್ಣಿಗೆ ಹಿತ. ಇದನ್ನು ಹುಡುಗರಿಗೆ ಒಪ್ಪಿಸುವುದು ಕಷ್ಟ. 45 ಅನ್ನುವ ಸರಾಸರಿ 30ಕ್ಕಿಂತ ದೊಡ್ಡದಲ್ವಾ ಅಂತ ಕೇಳುತ್ತಾರೆ. ಹೌದು, ಕಾಗದದ ಮೇಲೆ ದೊಡ್ಡದು.

ಈಗ 40ರ ವಿಷಯ. ನನಗೆ ಇದು ಬಹಳ ಇಷ್ಟವಾದ ಲೆಕ್ಕ. 40 ಫ್ರೇಮ್ ಅಂದರೆ ಒಂದು ಚಿತ್ರಕ್ಕೆ 25 ಮಿಲಿಸೆಕೆಂಡ್. 33.3ರಿಂದ 25ಕ್ಕೆ ಇಳಿದರೆ 8.3 ಉಳಿಯಿತು. 25ರಿಂದ 16.7ಕ್ಕೆ ಇಳಿದರೂ 8.3 ಉಳಿಯಿತು. ಅಂದರೆ ಕಾಲದ ಲೆಕ್ಕದಲ್ಲಿ 30 ಮತ್ತು 60ರ ಸರಿ ಮಧ್ಯ 45 ಅಲ್ಲ, 40. ಯಂತ್ರ ಬರೀ ಹತ್ತು ಫ್ರೇಮ್ ಜಾಸ್ತಿ ಬಿಡಿಸಿದರೆ ಸಾಕು, 60ರ ಕಡೆಗೆ ಅರ್ಧ ದಾರಿ ಬಂದಂತಾಯಿತು. ವ್ಯಾಟ್ ಎಣಿಸಿ ಬದುಕುವ ಯಂತ್ರಕ್ಕೆ ಇದಕ್ಕಿಂತ ಒಳ್ಳೆ ಸೌದಾ ಇಲ್ಲ.

ಆದರೆ 60 ಹರ್ಟ್ಸ್ ಸ್ಕ್ರೀನ್ ಮೇಲೆ 40 ಫ್ರೇಮ್ ಸುಮ್ನೆ ಹಾಕಿದರೆ ಆಗುವುದಿಲ್ಲ. ಬಸ್ ಲೆಕ್ಕ ತಪ್ಪುತ್ತದೆ. ಒಂದು ಚಿತ್ರ ಒಂದು ಬಸ್ ಹೊತ್ತು ನಿಂತರೆ ಮುಂದಿನದು ಎರಡು ಬಸ್ ಹೊತ್ತು ನಿಲ್ಲುತ್ತದೆ, ಕುಂಟುತ್ತಾ ನಡೆದಂತೆ. ಅದಕ್ಕೇ ಡೆಕ್ ಮಾಡುವ ವಾಲ್ವ್ ಕಂಪನಿ 2022ರ ಮೇ ತಿಂಗಳ ಅಪ್‌ಡೇಟ್‌ನಲ್ಲಿ ಡೆಕ್‌ನ ಸ್ಕ್ರೀನನ್ನೇ 40 ಹರ್ಟ್ಸ್‌ಗೆ ಇಳಿಸುವ ಸೌಲಭ್ಯ ಕೊಟ್ಟಿತು. ಓಎಲ್‌ಇಡಿ ಡೆಕ್ 90 ಹರ್ಟ್ಸ್ ಇರುವುದರಿಂದ ಅದರಲ್ಲಿ 45 ಸಲೀಸು. 2025ರ ಜೂನ್ 5ಕ್ಕೆ ಬಂದ ಸ್ವಿಚ್ 2ರ ಸ್ಕ್ರೀನ್ 120 ಹರ್ಟ್ಸ್. 120ನ್ನು 40ರಿಂದ ಭಾಗಿಸಿದರೆ ಸರಿಯಾಗಿ ಮೂರು. ಸೈಬರ್‌ಪಂಕ್ 2077 ಅನ್ನುವ ಭಾರದ ಗೇಮ್ ಸ್ವಿಚ್ 2ಕ್ಕೆ ಬಂದಾಗ ಅದರಲ್ಲಿ 40 ಫ್ರೇಮ್‌ನ ಆಯ್ಕೆ ಇಟ್ಟದ್ದಕ್ಕೂ ಈ ಲೆಕ್ಕವೇ ದಾರಿ ಮಾಡಿಕೊಟ್ಟಿತು.

ರೊಟ್ಟಿ ಬಡಿಯುವವರು, ಹಂಚು ನೋಡುವವರು

"ಗ್ರಾಫಿಕ್ಸ್ ಎಲ್ಲಾ ಕಡಿಮಿ ಮಾಡೀನಿ ಮಾಮಾ. ಆದ್ರೂ ನಿಂದರ್ತದ." ಇದು ಅವನ ಎರಡನೇ ದೂರು.

ಮನೆಯಲ್ಲಿ ಹಬ್ಬಕ್ಕೆ ರೊಟ್ಟಿ ಮಾಡುವುದನ್ನು ನೆನಪಿಸಿಕೊಳ್ಳಿ. ಅವ್ವ ಹಿಟ್ಟು ನಾದಿ ಬಡಿಯುತ್ತಾಳೆ, ಅಕ್ಕ ಹಂಚಿನ ಮೇಲೆ ಹಾಕಿ ಸುಡುತ್ತಾಳೆ. ಬಡಿಯುವುದು ಸಿಪಿಯು: ಯಾರು ಎಲ್ಲಿದ್ದಾರೆ, ಯಾರು ಏನು ಮಾಡಬೇಕು, ಕತ್ತಿ ತಾಗಿತಾ ಇಲ್ವಾ ಅಂತ ಲೆಕ್ಕ ಹಾಕುವುದು ಅದರ ಕೆಲಸ. ಸುಡುವುದು ಜಿಪಿಯು: ಆ ಲೆಕ್ಕ ತಗೊಂಡು ಬಣ್ಣ, ಬೆಳಕು, ನೆರಳು ಹಾಕಿ ಚಿತ್ರ ಮಾಡುತ್ತದೆ. ಹಂಚು ಸಣ್ಣದಿದ್ದರೆ ಬಡಿದ ರೊಟ್ಟಿ ಕಾಯುತ್ತಾ ಕೂರುತ್ತದೆ. ಆಗ ಗ್ರಾಫಿಕ್ಸ್ ಕಡಿಮೆ ಮಾಡಿದರೆ ಕೆಲಸ ಆಗುತ್ತದೆ. ಆದರೆ ಬಡಿಯುವುದೇ ನಿಧಾನ ಆದರೆ? ಹಂಚು ಎಷ್ಟೇ ದೊಡ್ಡದಿರಲಿ, ಖಾಲಿ ಕಾಯುತ್ತಿರುತ್ತದೆ. ಗ್ರಾಫಿಕ್ಸ್ ಎಷ್ಟು ಇಳಿಸಿದರೂ ಒಂದು ಫ್ರೇಮೂ ಜಾಸ್ತಿ ಬರುವುದಿಲ್ಲ.

ಬಾಲ್ಡರ್ಸ್ ಗೇಟ್ 3ರ ಮೂರನೇ ಅಂಕದಲ್ಲಿ ಆಗುವುದು ಇದೇ. ಮೊದಲ ಅಂಕ ಕಾಡುಮೇಡು, ಜನ ಕಡಿಮೆ. ಮೂರನೆಯದರಲ್ಲಿ ದೊಡ್ಡ ಪೇಟೆ ಬರುತ್ತದೆ. ಬೀದಿ ತುಂಬಾ ಜನ, ಒಬ್ಬೊಬ್ಬರದೂ ಲೆಕ್ಕ. ಸಿಪಿಯು ಸೋಲುತ್ತದೆ. 2023ರ ಆಗಸ್ಟ್‌ನಲ್ಲಿ ಈ ಗೇಮ್ ಬಂದಾಗ ಡೆಕ್‌ನಲ್ಲಿ ಆಡಲು ಯೋಗ್ಯ ಅಂತ ಹಸಿರು ಗುರುತು ಸಿಕ್ಕಿತ್ತು. ಆ ಗುರುತು ಸುಳ್ಳಲ್ಲ. ಗೇಮ್ ಓಡುತ್ತದೆ, ಅಕ್ಷರ ಓದಲು ಬರುತ್ತದೆ, ಬಟನ್ ಎಲ್ಲ ಕೆಲಸ ಮಾಡುತ್ತವೆ. ಆದರೆ ಕೊನೆಯ ಪೇಟೆಯಲ್ಲೂ ಕಾಡಿನಲ್ಲಿದ್ದಷ್ಟೇ ಸಲೀಸು ಅಂತ ಅದರ ಅರ್ಥ ಅಲ್ಲ. ಎಷ್ಟೋ ವಿಡಿಯೋಗಳು ಗೇಮ್‌ನ ಮೊದಲೆರಡು ತಾಸು ಆಡಿ ಮಾಡಿದಂಥವು. ನೋಡುವವರು ಅದನ್ನೇ ಇಡೀ ಗೇಮ್ ಅಂದುಕೊಳ್ಳುತ್ತಾರೆ. ಆಮೇಲೆ 2025ರ ಸೆಪ್ಟೆಂಬರ್‌ನಲ್ಲಿ ಈ ಗೇಮ್ ಮಾಡಿದ ಲೇರಿಯನ್ ಕಂಪನಿ ಡೆಕ್‌ಗಾಗಿಯೇ ಬೇರೆ ಆವೃತ್ತಿ ಕೊಟ್ಟಿತು. ಅದಕ್ಕೂ ಮುಂಚೆ ವಿಂಡೋಸ್‌ಗೆ ಬರೆದ ಗೇಮನ್ನು ಪ್ರೋಟಾನ್ ಅನ್ನುವ ದುಭಾಷಿ ನಡುವೆ ನಿಂತು ಡೆಕ್ ಒಳಗಿನ ಲಿನಕ್ಸ್‌ಗೆ ತಿಳಿಸಿ ಹೇಳುತ್ತಿತ್ತು. ಈಗ ದುಭಾಷಿ ಬೇಡ. ಆ ಕೆಲಸಕ್ಕೆ ಹೋಗುತ್ತಿದ್ದ ಸಿಪಿಯು ಶ್ರಮ ಉಳಿಯಿತು.

ಒಲೆ ಮಾತ್ರ ಒಂದೇ ಅನ್ನುವುದನ್ನು ಮರೆಯಬೇಡಿ. ಸಿಪಿಯು ಜಾಸ್ತಿ ವ್ಯಾಟ್ ತಿಂದರೆ ಜಿಪಿಯುಗೆ ಕಡಿಮೆ. ಪೇಟೆಗೆ ಬಂದಾಗ ಎರಡೂ ಒಟ್ಟಿಗೆ ಕೈ ಚಾಚುತ್ತವೆ.

ಜಿಪಿಯು ಭಾರ ಇಳಿಸಲು ಒಂದು ಒಳ್ಳೆ ಉಪಾಯ ಇದೆ. ಚಿತ್ರವನ್ನು ಸಣ್ಣದಾಗಿ ಬಿಡಿಸಿ, ಆಮೇಲೆ ಊಹೆ ಮಾಡಿ ಹಿಗ್ಗಿಸುವುದು. ಎಎಂಡಿ ಕಂಪನಿಯದು ಎಫ್‌ಎಸ್‌ಆರ್, ಎನ್‌ವಿಡಿಯಾದು ಡಿಎಲ್‌ಎಸ್‌ಎಸ್. ಡೆಕ್ ಸ್ಕ್ರೀನ್ 1280ಕ್ಕೆ 800, ಅಂದರೆ 10 ಲಕ್ಷದ 24 ಸಾವಿರ ಚುಕ್ಕಿ. ಎಫ್‌ಎಸ್‌ಆರ್ ಒಳ್ಳೆ ಗುಣಮಟ್ಟದಲ್ಲಿ ಹಾಕಿದರೂ ನಿಜವಾಗಿ ಬಿಡಿಸುವುದು ಸುಮಾರು ನಾಲ್ಕೂವರೆ ಲಕ್ಷ ಚುಕ್ಕಿ ಮಾತ್ರ. ಉಳಿದದ್ದು ಹಿಂದಿನ ಫ್ರೇಮ್‌ಗಳನ್ನು ನೋಡಿ ಮಾಡಿದ ಊಹೆ. ಏಳು ಇಂಚಿನ ಸ್ಕ್ರೀನ್‌ನಲ್ಲಿ ಬಹಳ ಸಲ ಗೊತ್ತೇ ಆಗುವುದಿಲ್ಲ. ಕೂದಲು, ಎಲೆ, ತಂತಿ, ಇಂಥ ತೆಳು ಜಾಗದಲ್ಲಿ ಮಾತ್ರ ಮಿಣಮಿಣ ಅನ್ನುತ್ತದೆ. ಸ್ವಿಚ್ 2ರ ಡಿಎಲ್‌ಎಸ್‌ಎಸ್‌ಗೆ ಚಿಪ್‌ನಲ್ಲೇ ಬೇರೆ ಭಾಗ ಇರುವುದರಿಂದ ಅದರ ಊಹೆ ಇನ್ನೂ ಚೊಕ್ಕ.

ಇನ್ನೊಂದು ನಿಲ್ಲುವಿಕೆ ಇದೆ, ಅದಕ್ಕೂ ವ್ಯಾಟ್‌ಗೂ ಸಂಬಂಧ ಕಡಿಮೆ. ಮೊದಲ ಸಲ ಬೆಂಕಿ ಕಂಡಾಗ, ಮೊದಲ ಸಲ ನೀರು ಕಂಡಾಗ ಗೇಮ್ ಟಕ್ ಅಂತ ನಿಂತು ಮುಂದೆ ಹೋಗುತ್ತದೆ. ಆ ದೃಶ್ಯ ಬಿಡಿಸಲು ಬೇಕಾದ ಶೇಡರ್ ಅನ್ನುವ ಸಣ್ಣ ಪ್ರೋಗ್ರಾಮನ್ನು ಜಿಪಿಯು ಭಾಷೆಗೆ ಆಗ ತಯಾರು ಮಾಡುತ್ತಿರುತ್ತದೆ. ಒಂದು ಮಾದರಿಯ ಡೆಕ್‌ಗಳಲ್ಲೆಲ್ಲ ಒಂದೇ ಜಿಪಿಯು ಇರುವುದರಿಂದ ವಾಲ್ವ್ ಅದನ್ನು ಮೊದಲೇ ತಯಾರಿಸಿ ಗೇಮ್ ಜೊತೆ ಕಳಿಸುತ್ತದೆ. ಹಾಗಾಗಿ ಡೌನ್‌ಲೋಡ್ ಆಗುವಾಗ ಶೇಡರ್ ಹಂತವನ್ನು ಬೇಜಾರಾಗಿ ದಾಟಿಸಿಬಿಡಬೇಡಿ. ಎರಡನೇ ಸಲ ಅದೇ ಜಾಗಕ್ಕೆ ಹೋದಾಗ ನಿಲ್ಲದಿದ್ದರೆ ಅದು ಶೇಡರ್ ಕೆಲಸ. ಮತ್ತೆ ಮತ್ತೆ ನಿಂತರೆ ಬೇರೆ ಕಾರಣ ಹುಡುಕಬೇಕು.

ನಮ್ಮ ಊರಿನ ಬಿಸಿಲು

ಇನ್ನು ಯೂಟ್ಯೂಬ್‌ನವರು ಹೇಳದೇ ಬಿಡುವ ಮಾತಿಗೆ ಬಂದೆ. ಅವರು ಆಡಿ ತೋರಿಸುವುದು 22–25 ಡಿಗ್ರಿಯ ತಂಪು ಕೋಣೆಯಲ್ಲಿ. ಇಲ್ಲಿ ಬೇಸಿಗೆಯಲ್ಲಿ 42 ಡಿಗ್ರಿ ಅಂದರೆ ಯಾರೂ ಹುಬ್ಬು ಏರಿಸುವುದಿಲ್ಲ.

ಚಿಪ್ ತಿಂದ 15 ವ್ಯಾಟೂ ಕೊನೆಗೆ ಬಿಸಿಯಾಗಿ ಹೊರಗೆ ಬರಬೇಕು. ಒಳಗಿನ ಫ್ಯಾನ್ ಆ ಬಿಸಿಯನ್ನು ಕೋಣೆಯ ಗಾಳಿಗೆ ಸಾಗಿಸುತ್ತದೆ. ಫ್ಯಾನ್ ತಂಪು ಮಾಡುವುದಿಲ್ಲ, ಬಿಸಿ ಸಾಗಿಸುತ್ತದೆ. ಇದು ಬಹಳ ಮುಖ್ಯ. ಎಷ್ಟು ಬಿಸಿ ಸಾಗುತ್ತದೆ ಅನ್ನುವುದು ಚಿಪ್‌ಗೂ ಗಾಳಿಗೂ ಇರುವ ಅಂತರದ ಮೇಲೆ ನಿಂತಿದೆ. ಚಿಪ್ 90 ಡಿಗ್ರಿ, ಕೋಣೆ 25 ಅಂದುಕೊಳ್ಳಿ: ಅಂತರ 65. ಅದೇ ಕೋಣೆ 42 ಆದರೆ ಅಂತರ 48. ಫ್ಯಾನ್ ಅದೇ ವೇಗದಲ್ಲಿ ತಿರುಗಿ 65ರ ಅಂತರದಲ್ಲಿ 15 ವ್ಯಾಟ್ ಸಾಗಿಸುತ್ತಿದ್ದರೆ, 48ರಲ್ಲಿ ಸಾಗಿಸುವುದು ಸುಮಾರು 11. ಉಳಿದ 4 ವ್ಯಾಟ್ ಎಲ್ಲಿಗೆ ಹೋಗಬೇಕು? ಫ್ಯಾನ್ ಇನ್ನೂ ಜೋರಾಗಿ ತಿರುಗುತ್ತದೆ, ಚಿಪ್ ಇನ್ನೂ ಕಾಯುತ್ತದೆ. ಅದರ ಮೇಲೆ ಹಿಂಭಾಗಕ್ಕೆ ಕೌದಿ ಮುಚ್ಚಿದರೆ ಕೇಳುವುದೇ ಬೇಡ.

2022ರ ಜುಲೈಯಲ್ಲಿ ಯುರೋಪಿನಲ್ಲಿ ಸೆಕೆ ಮಿತಿಮೀರಿದಾಗ ವಾಲ್ವ್ ಇದನ್ನು ಬಿಡಿಸಿ ಹೇಳಿತ್ತು. ಡೆಕ್ ಚೆನ್ನಾಗಿ ಕೆಲಸ ಮಾಡುವುದು ಸುತ್ತಲಿನ ಗಾಳಿ 0ಯಿಂದ 35 ಡಿಗ್ರಿ ಇದ್ದಾಗ. ಚಿಪ್ 100 ಡಿಗ್ರಿ ತನಕ ತಡೆಯುತ್ತದೆ, ಅಲ್ಲಿಂದ ವೇಗ ಇಳಿಸಲು ಶುರು ಮಾಡುತ್ತದೆ, 105ಕ್ಕೆ ತಾನೇ ಆಫ್ ಆಗುತ್ತದೆ. ನಿಂಟೆಂಡೊ ಕೂಡ ಸ್ವಿಚ್‌ಗೆ 5ರಿಂದ 35 ಡಿಗ್ರಿ ಅಂತಲೇ ಹೇಳಿದೆ. ಆ 35ನ್ನು ನಮ್ಮ ಊರು ಫೆಬ್ರವರಿ ಮುಗಿಯುವ ಹೊತ್ತಿಗೇ ಮುಟ್ಟಿರುತ್ತದೆ.

ಬಿಸಿಗೆ ವೇಗ ಇಳಿಸುವುದನ್ನು ನಮ್ಮವರಿಗೆ ಹೇಳಿಕೊಡಬೇಕಾಗಿಲ್ಲ. ಏಪ್ರಿಲ್, ಮೇ ಬಂದರೆ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ಸಮಯ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30 ಆಗುತ್ತದೆ. ಎಲ್ಲರಿಗೂ ಮೊದಲೇ ಗೊತ್ತಿರುತ್ತದೆ, ಅದಕ್ಕೆ ತಕ್ಕಂತೆ ಕೆಲಸ ಹೊಂದಿಸಿಕೊಳ್ಳುತ್ತಾರೆ. ಯಾರಿಗೂ ತೊಂದರೆ ಇಲ್ಲ. ಅದೇ ಸಮಯ ಬದಲಿಸದೆ, ಬಿಸಿಲಿಗೆ ಒಬ್ಬೊಬ್ಬರೇ ನಡುವೆ ಎದ್ದು ಹೋದರೆ ಏನಾಗುತ್ತದೆ? ಕೆಲಸ ಎಲ್ಲೆಂದರಲ್ಲಿ ನಿಲ್ಲುತ್ತದೆ. ಬಿಸಿಯಾದ ಕನ್ಸೋಲ್‌ನಲ್ಲಿ ಆಗುವುದು ಎರಡನೆಯದು. ಚಿಪ್‌ನ ವೇಗ ಏರುತ್ತದೆ, ಚಿಪ್ ಬಿಸಿಯಾಗುತ್ತದೆ, ವೇಗ ಬೀಳುತ್ತದೆ, ಚಿಪ್ ತಣ್ಣಗಾಗುತ್ತದೆ, ವೇಗ ಮತ್ತೆ ಏರುತ್ತದೆ. ಬಸ್ ತಪ್ಪುತ್ತಲೇ ಇರುತ್ತದೆ.

ಅದಕ್ಕೇ ಮಿತಿಯನ್ನು ನಾವೇ ಮೊದಲು ಹಾಕಬೇಕು. ಡೆಕ್‌ನ ಬಲಗಡೆ ಮೂರು ಚುಕ್ಕಿಯ ಬಟನ್ ಇದೆ. ಒತ್ತಿದರೆ ಬ್ಯಾಟರಿಯ ಚಿತ್ರದ ಕೆಳಗೆ ಎಲ್ಲ ಸಿಗುತ್ತದೆ: ಫ್ರೇಮ್ ಎಷ್ಟು, ವ್ಯಾಟ್ ಎಷ್ಟು, ಚಿಪ್ ಎಷ್ಟು ಡಿಗ್ರಿ ಅಂತ ಪರದೆಯ ಮೇಲೆ ತೋರಿಸುವ ಆಯ್ಕೆ, ಫ್ರೇಮ್ ಕಟ್ಟುವ ಆಯ್ಕೆ, ಚಿಪ್‌ನ ವ್ಯಾಟ್ ಕಟ್ಟುವ ಆಯ್ಕೆ. 15ರಿಂದ 11ಕ್ಕೆ ಇಳಿಸಿದರೆ ಕಾಲು ಭಾಗಕ್ಕಿಂತ ಜಾಸ್ತಿ ಬಿಸಿ ಕಡಿಮೆಯಾಯಿತು. ಆದರೆ ಫ್ರೇಮ್ ಅಷ್ಟು ಬೀಳುವುದಿಲ್ಲ. ಕೊನೆಯ ವ್ಯಾಟ್‌ಗಳು ದುಬಾರಿ ಅಂದೆನಲ್ಲ, ಬಿಟ್ಟುಕೊಡುವಾಗ ಅವೇ ಅಗ್ಗ.

ಅವತ್ತು ಮಾಡಿದ್ದೂ ಅಷ್ಟೇ. ಡೆಕ್ಕನ್ನು ಕೌದಿಯಿಂದ ಎತ್ತಿ ಹತ್ತು ನಿಮಿಷ ಶಹಾಬಾದ್ ಕಲ್ಲಿನ ನೆಲದ ಮೇಲೆ, ಸ್ಕ್ರೀನ್ ಕೆಳಗೆ ಬರದ ಹಾಗೆ ಗೋಡೆಗೆ ಒರಗಿಸಿ ಇಟ್ಟೆವು. ಫ್ರಿಜ್‌ನಲ್ಲಿ ಇಡೋಣ ಅಂದ. ಬೇಡ ಅಂದೆ. ತಂಪಿನಿಂದ ಹೊರಗೆ ತೆಗೆದ ಕೂಡಲೇ ತಂಪು ಚೊಂಬಿನ ಮೈಗೆ ಬೆವರು ಬಂದಂತೆ ಬೋರ್ಡ್ ಮೇಲೆ ನೀರು ಕೂರುತ್ತದೆ. ಆಮೇಲೆ ಕೂಲರ್ ಇರುವ ಕೋಣೆಗೆ ಹೋದೆವು. ನಮ್ಮದು ಒಣ ಬಿಸಿಲು, ಹಾಗಾಗಿ ನೀರಿನ ಕೂಲರ್ ಇಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಕೂಲರ್ ಬಾಯಿಗೆ ನೇರ ಕೂರಬಾರದು. ಬೋರ್‌ವೆಲ್ ನೀರಿನ ಸಣ್ಣ ಹನಿ ಗಾಳಿ ಜೊತೆ ಹಾರಿ ಬರುತ್ತದೆ, ಒಳಗೆ ಹೋದರೆ ಸುಣ್ಣದಂತೆ ಕಟ್ಟುತ್ತದೆ. ಪೇಟೆಯ ಭಾಗಕ್ಕೆ ಫ್ರೇಮನ್ನು 30ಕ್ಕೆ ಕಟ್ಟಿದೆವು. ಕಾಡಿನ ಹಳೇ ಸೇವ್ ತೆಗೆದು ಅಲ್ಲಿ 40ಕ್ಕೆ ಕಟ್ಟಿ ನೋಡಿದೆವು. ಫ್ಯಾನಿನ ಸದ್ದು ಇಳಿಯಿತು. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ, ಆಡುತ್ತಲೇ ಇದ್ದ.

ಬ್ಯಾಟರಿಯ ಒಂದು ಮಾತು ಹೇಳಲೇಬೇಕು. ಲಿಥಿಯಂ ಬ್ಯಾಟರಿಗೆ ಬಿಸಿ ಶತ್ರು. ಪೂರ್ತಿ ಶೇಕಡಾ 100 ತುಂಬಿ, ಬಿಸಿಯಲ್ಲಿ, ದಿನಗಟ್ಟಲೆ ಪ್ಲಗ್‌ನಲ್ಲೇ ಇದ್ದರೆ ಬೇಗ ಮುದಿಯಾಗುತ್ತದೆ. ಕರೆಂಟ್ ಹೋಗುತ್ತದೆ ಅನ್ನುವ ಭಯಕ್ಕೆ ನಾವೆಲ್ಲ ಯಾವಾಗಲೂ ಚಾರ್ಜ್‌ಗೆ ಹಾಕಿಟ್ಟಿರುತ್ತೇವೆ, ಅಲ್ವಾ? 2025ರ ಅಪ್‌ಡೇಟ್‌ನಲ್ಲಿ ಡೆಕ್‌ಗೆ 80ಕ್ಕೆ ಚಾರ್ಜ್ ನಿಲ್ಲಿಸುವ ಆಯ್ಕೆ ಬಂತು. ಸ್ವಿಚ್ 2ರಲ್ಲಿ ಸುಮಾರು 90ಕ್ಕೆ ನಿಲ್ಲಿಸಬಹುದು. ಬೇಸಿಗೆಯಲ್ಲಿ ಅದನ್ನು ಹಾಕಿಡಿ. ಕಾದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಯಾವತ್ತೂ ಇಡಬೇಡಿ. ಹಿಂಭಾಗ ಉಬ್ಬಿದಂತೆ ಕಂಡರೆ ಅವತ್ತೇ ಆಡುವುದು, ಚಾರ್ಜ್ ಮಾಡುವುದು ಎರಡೂ ನಿಲ್ಲಿಸಿ ರಿಪೇರಿ ಬಲ್ಲವರ ಹತ್ತಿರ ಒಯ್ಯಿರಿ. ನಮ್ಮ ಎರೆಮಣ್ಣಿನ ಧೂಳು ಜಾಲರಿಯಲ್ಲಿ ಬೇಗ ಕೂರುತ್ತದೆ. ಮೆತ್ತನೆ ಬ್ರಷ್‌ನಿಂದ ಆಗಾಗ ಹೊರಗಿನಿಂದ ಒರೆಸಿದರೂ ಸಾಕಷ್ಟು ಉಪಯೋಗ ಇದೆ.

ಸೆಪ್ಟೆಂಬರ್‌ನಲ್ಲಿ ಹಾಲೋ ನೈಟ್: ಸಿಲ್ಕ್‌ಸಾಂಗ್ ಬಂತು. ಮಳೆ ನಿಂತು ಮಾಳಿಗೆಯ ಕಲ್ಲು ಒಣಗುತ್ತಿತ್ತು. ಹುಡುಗರು ಮತ್ತೆ ಸೇರಿದ್ದರು. ಇದು ಪಕ್ಕದಿಂದ ನೋಡುವ, ಕೈಯಲ್ಲಿ ಬಿಡಿಸಿದಂಥ ಗೇಮ್, ಡೆಕ್‌ಗೆ ಭಾರವೇ ಅಲ್ಲ. ಒಬ್ಬ ಹೊಸ ಓಎಲ್‌ಇಡಿ ತಂದಿದ್ದ.

"ನಂದು 50 ವ್ಯಾಟ್-ಅವರ್ ಬ್ಯಾಟರಿ ಅದ. ನಿಂದು ಹಳೇದು, 40. ಆದ್ರೂ ನಂದೇ ಲಗೂ ಖಾಲಿ ಆಗ್ತದಲ್ಲೋ?"

ಮೊದಲಾಗಿದ್ದರೆ ನನ್ನ ಅಕ್ಕನ ಮಗ "ನಿಂದು ಡುಪ್ಲಿಕೇಟ್" ಅಂತ ಜಗಳ ತೆಗೆಯುತ್ತಿದ್ದ. ಅವತ್ತು ಅವನ ಪಕ್ಕಕ್ಕೆ ಸರಿದು ಕೂತ.

"ಫ್ರೇಮ್ ಎಷ್ಟಕ್ಕ ಕಟ್ಟಿ? 90ಕ್ಕ ಬಿಟ್ಟೀ ಏನು? ಬೆಳಕು ಪೂರಾ ಏರಿಸಿದ್ದದಲ್ಲ? ವ್ಯಾಟ್ ಎಷ್ಟ್ ತೋರಸ್ತದ ಹೇಳು ಮೊದ್ಲ."

ಗೆಳೆಯ ಮೂರು ಚುಕ್ಕಿಯ ಬಟನ್ ಒತ್ತಿದ.